ಅವ್ವನಿಗೆ ಮೊದಲೇ ತಿಳಿಯುವ ಕಥೆ: ಹಾಸ್ಯ ಧಾರಾವಾಹಿಯನ್ನು ನೋಡಿ ಕಲಿಯುವ, ಕಲಿತು ಬರೆಯುವ ಕ್ರಮ

ಕೊಪ್ಪಳದ ನಮ್ಮ ಮನೆಯಲ್ಲಿ ಅವ್ವ ಸಂಜೆ ಜೋಳದ ರೊಟ್ಟಿ ಬಡಿಯುವ ಹೊತ್ತಿಗೇ ಪಡಸಾಲೆಯಲ್ಲಿ ಟಿವಿ ಹಚ್ಚಿರುತ್ತೇವೆ. ಅಡುಗೆಮನೆಯಿಂದ ಪರದೆ ಕಾಣುವುದಿಲ್ಲ. ಅವಳಿಗೆ ಕೇಳುವುದು ಮಾತು, ಹಿನ್ನೆಲೆಯ ನಗು, ಬಾಗಿಲು ತೆರೆದ ಸದ್ದು, ಇಷ್ಟೇ. ಅಷ್ಟರಿಂದಲೇ ಅವಳು "ನೋಡ್ತಿರು, ಈಗ ಅಕಿ ಬಾಗ್ಲ ಹಿಂದ ನಿಂತು ಅರ್ಧಾ ಮಾತು ಕೇಳಿಸ್ಕೊಂಡು ಸಿಟ್ಟಾಗಿ ಹೋಗ್ತಾಳ" ಎನ್ನುತ್ತಾಳೆ, ಎರಡು ನಿಮಿಷದೊಳಗೆ ಪರದೆಯ ಮೇಲೆ ಅದೇ ನಡೆಯುತ್ತದೆ. ಆದರೂ ಕೆಲವು ದಿನ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಾಗಿಲಿಗೆ ಒರಗಿ ನಿಂತು, ತಾನೇ ಮೊದಲು ಹೇಳಿದ ದೃಶ್ಯವನ್ನು ನೋಡಿ ನಗುತ್ತಾಳೆ. ಉಳಿದ ದಿನ ಏಳುವುದೇ ಇಲ್ಲ. ಎರಡೂ ದಿನ ಕಥೆ ಅವಳಿಗೆ ಮೊದಲೇ ತಿಳಿದಿರುತ್ತದೆ. ಹಾಗಿದ್ದ ಮೇಲೆ ಒಂದು ದಿನ ಎಬ್ಬಿಸಿದ್ದು ಯಾವುದು, ಇನ್ನೊಂದು ದಿನ ಕೂಡಿಸಿದ್ದು ಯಾವುದು? ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಈಗ ಯೂಟ್ಯೂಬಿಗಾಗಿ ಕಂತು ಕಂತಾಗಿ ಹಾಸ್ಯ ಬರೆಯುತ್ತಿದ್ದಾರೆ. ಹತ್ತು ಹದಿನೈದು ಕಂತುಗಳಾಗುವಷ್ಟರಲ್ಲಿ "ಕಥೆ ಮೊದಲೇ ಗೊತ್ತಾಗಿಬಿಡುತ್ತದೆ" ಎಂಬ ಮಾತು ಕೇಳಿ ಕೈ ಸೋಲುವ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. "ಮೊದಲೇ ತಿಳಿಯಿತು" ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳು ಸೇರಿಕೊಂಡಿರುತ್ತವೆ: ಈ ಮನುಷ್ಯ ಹೀಗೆಯೇ ನಡೆದುಕೊಳ್ಳುತ್ತಾನೆ ಎಂದು ತಿಳಿಯುವುದು, ಕಥೆ ಇಲ್ಲಿಗೇ ಬಂದು ಮುಟ್ಟುತ್ತದೆ ಎಂದು ತಿಳಿಯುವುದು, ಮತ್ತು ಈ ದಾರಿಯಲ್ಲೇ ಬಂದು ಮುಟ್ಟುತ್ತದೆ ಎಂದು ತಿಳಿಯುವುದು. ಮೊದಲನೆಯದು ಹಾಸ್ಯ ಧಾರಾವಾಹಿಯ ಬಂಡವಾಳ. ಎರಡನೆಯದನ್ನು ತಪ್ಪಿಸುವುದು ಕಷ್ಟ, ತಪ್ಪಿಸಬೇಕಾಗಿಯೂ ಇಲ್ಲ. ಮೂರನೆಯದು ಮಾತ್ರ ಬರೆಯುವವರ ಸೋಮಾರಿತನ. ಬಹಳ ಜನ ಈ ಮೂರನ್ನೂ ಒಂದೇ ಎಂದು ಭಾವಿಸಿ, ದಾರಿಯನ್ನು ಬದಲಿಸುವ ಬದಲು ಮನುಷ್ಯನನ್ನೇ ಬದಲಿಸಲು ಹೊರಡುತ್ತಾರೆ. ಧಾರಾವಾಹಿ ಕೆಡುವುದು ಅಲ್ಲಿಂದಲೇ.

ನೋಟ್‌ಬುಕ್ ಹಿಡಿದು ನೋಡುವುದು

ಕನಿಷ್ಠ ನೂರು ಕಂತು ಕಂಡ ಒಂದು ಹಾಸ್ಯ ಧಾರಾವಾಹಿಯನ್ನು ಆರಿಸಿಕೊಳ್ಳಿ. ಅದರ ಮೊದಲ ವರ್ಷದಿಂದ ಮೂರು, ನಡುವಿನಿಂದ ನಾಲ್ಕು, ಕೊನೆಯಿಂದ ಮೂರು ಕಂತುಗಳನ್ನು ತೆಗೆದುಕೊಳ್ಳಿ. ನೀವು ಮೊದಲು ನೋಡಿದ್ದ ಕಂತುಗಳು ಬೇಡ. ಅರ್ಧ ಗಂಟೆಯ ಅಮೆರಿಕನ್ ಹಾಸ್ಯ ಧಾರಾವಾಹಿಯ ಒಂದು ಕಂತು ಜಾಹೀರಾತು ಕಳೆದರೆ ಸುಮಾರು 22 ನಿಮಿಷ ಇರುತ್ತದೆ. ಏಳನೆಯ ನಿಮಿಷಕ್ಕೆ ನಿಲ್ಲಿಸಿ. ಅಷ್ಟರಲ್ಲಿ ತೊಡಕು ಬಿದ್ದಿರುತ್ತದೆ, ಬಿಡಿಸುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಯಾರು ಹೇಗೆ ನಡೆದುಕೊಳ್ಳುತ್ತಾರೆ, ಕೊನೆಗೆ ಏನಾಗುತ್ತದೆ, ಯಾವ ಘಟನೆಯಿಂದ ಆಗುತ್ತದೆ. ಮೂರನೆಯ ಸಾಲನ್ನು ಬರೆಯುವಾಗ ಧಾರಾಳವಾಗಿರಬೇಡಿ. "ಹೇಗೋ ಸಿಕ್ಕಿಬೀಳುತ್ತಾನೆ" ಎಂದು ಬರೆದರೆ ಊಹೆ ಯಾವಾಗಲೂ ಸರಿಯಾಗುತ್ತದೆ. "ಮಾವ ಮರೆತುಹೋದ ಕನ್ನಡಕಕ್ಕಾಗಿ ತಿರುಗಿ ಬಂದಾಗ ಸಿಕ್ಕಿಬೀಳುತ್ತಾನೆ" ಎಂದು ಬರೆಯಬೇಕು. ಆಮೇಲೆ ಉಳಿದ ಭಾಗವನ್ನು ನೋಡಿ, ಪ್ರತಿ ಸಾಲಿನ ಎದುರು ಸರಿ ತಪ್ಪು ಗುರುತು ಹಾಕಿ, ಕೊನೆಯಲ್ಲಿ ಆ ಕಂತು ನಿಮಗೆ ನಗು ತಂದಿತೇ ಇಲ್ಲವೇ ಎಂಬುದನ್ನು ಬೇರೆಯಾಗಿ ಬರೆದುಕೊಳ್ಳಿ.

ನಾನು ಹೀಗೆ ಮಾಡಿ ನೋಡಿದಾಗ ಮೊದಲ ಎರಡು ಸಾಲು ಹೆಚ್ಚುಕಡಿಮೆ ಎಲ್ಲ ಕಂತಿನಲ್ಲೂ ಸರಿಯಾಗಿದ್ದವು. ನಗು ಬಂದ ಕಂತುಗಳಲ್ಲಿ ಮೂರನೆಯ ಸಾಲು ತಪ್ಪಾಗಿತ್ತು. ನಿಮ್ಮ ಹಾಳೆಯಲ್ಲೂ ಹಾಗೆಯೇ ಬರುತ್ತದೆಯೇ ಎಂದು ನೋಡಿ. ಬರದಿದ್ದರೆ ಆ ಕಂತನ್ನೇ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಊಹೆ ಸರಿಯಾಗಲು ಸುಳಿವು ಎಲ್ಲಿಂದ ಸಿಕ್ಕಿತು ಎಂಬುದನ್ನೂ ಬದಿಗೆ ಬರೆಯಬೇಕು. ಕೆಲವು ಸುಳಿವುಗಳು ಕಥೆಯಿಂದ ಬರುವುದಿಲ್ಲ, ತಯಾರಿಕೆಯ ಖರ್ಚಿನಿಂದ ಬರುತ್ತವೆ. ಪಡಸಾಲೆ, ಅಡುಗೆಮನೆ, ಆಫೀಸು ಎಂದು ಎರಡು ಮೂರು ಸೆಟ್‌ಗಳಲ್ಲೇ ವರ್ಷಗಟ್ಟಲೆ ನಡೆಯುವ ಧಾರಾವಾಹಿಯಲ್ಲಿ ಇದ್ದಕ್ಕಿದ್ದಂತೆ ಒಂದು ಆಸ್ಪತ್ರೆಯ ಕೋಣೆ ಕಾಣಿಸಿತೆಂದರೆ, ಆ ಸೆಟ್‌ಗೆ ದುಡ್ಡು ಹಾಕಿದ್ದಾರೆ, ಕಥೆ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಅತಿಥಿ ನಟ ಬಂದರೆ ಕಂತಿನ ಕೊನೆಗೆ ಅವನು ಊರು ಬಿಡುತ್ತಾನೆ, ಅವನ ಮೇಲೆ ಯಾರಾದರೂ ಮನಸ್ಸು ಮಾಡಿದ್ದರೆ ಆ ಮದುವೆ ಮುರಿಯುತ್ತದೆ. ಬಾಡಿಗೆಗೆ ತಂದ ಚಿನ್ನದ ಸರ, ಸಾಹೇಬರ ಸಾಕುನಾಯಿ, ಒಂದೇ ಪ್ರತಿ ಇರುವ ಕಾಗದಪತ್ರ ಇಂಥವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದರೆ ಅವು ಕಳೆದುಹೋಗುತ್ತವೆ. ಅರ್ಧ ಕೇಳಿಸಿಕೊಂಡ ಮಾತು, ಒಂದೇ ಸಂಜೆಗೆ ಇಬ್ಬರಿಗೆ ಕೊಟ್ಟ ಮಾತು, ಊಟಕ್ಕೆ ಬರುವ ಮೇಲಧಿಕಾರಿ, ಕೆಟ್ಟುನಿಂತ ಲಿಫ್ಟ್ ಇವೆಲ್ಲ ಸಾವಿರ ಸಲ ಬಂದುಹೋದ ಎಳೆಗಳಾದ್ದರಿಂದ ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಎಲ್ಲವೂ ಮೊದಲಿನ ಸ್ಥಿತಿಗೇ ಏಕೆ ಮರಳುತ್ತದೆ

ಕಂತಿನ ಕೊನೆಗೆ ಕೆಲಸ ಕಳೆದುಕೊಂಡವನಿಗೆ ಕೆಲಸ ಮರಳಿ ಸಿಗುತ್ತದೆ, ಜಗಳ ಆಡಿದವರು ಒಂದಾಗುತ್ತಾರೆ, ಬಂದ ದುಡ್ಡು ಬಂದ ಹಾಗೆಯೇ ಹೋಗುತ್ತದೆ. ಇದಕ್ಕೆ ಒಂದು ಐತಿಹಾಸಿಕ ಕಾರಣವಿದೆ. 1951ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದ 'ಐ ಲವ್ ಲೂಸಿ'ಯನ್ನು ಪ್ರೇಕ್ಷಕರ ಎದುರಿನಲ್ಲೇ, ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳಿಂದ 35 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿದರು. ಟಿವಿಯ ಬಹಳಷ್ಟು ಕಾರ್ಯಕ್ರಮಗಳು ನೇರವಾಗಿ ಪ್ರಸಾರವಾಗಿ ಗಾಳಿಯಲ್ಲಿ ಕರಗಿಹೋಗುತ್ತಿದ್ದ ಕಾಲ ಅದು. ಫಿಲ್ಮ್ ಉಳಿದದ್ದರಿಂದ ಅದೇ ಕಂತನ್ನು ಮತ್ತೆ ಮತ್ತೆ ಮಾರಲು ಸಾಧ್ಯವಾಯಿತು. ಮುಂದೆ ಅಲ್ಲಿ ಮರುಪ್ರಸಾರವೇ ದೊಡ್ಡ ಆದಾಯವಾಗಿ, ಒಂದು ಧಾರಾವಾಹಿ ಸುಮಾರು 100 ಕಂತು ಮುಟ್ಟಿದರೆ ಸ್ಥಳೀಯ ವಾಹಿನಿಗಳಿಗೆ ಮಾರಾಟಕ್ಕೆ ಯೋಗ್ಯ ಎಂಬ ರೂಢಿ ಬೆಳೆಯಿತು. ಮರುಪ್ರಸಾರ ಕ್ರಮವಾಗಿಯೇ ನಡೆಯಬೇಕೆಂದಿಲ್ಲ, ನೋಡುವವರೂ ಒಂದು ದಿನ ನೋಡಿ ನಾಲ್ಕು ದಿನ ಬಿಡುವವರು. ಯಾವ ಕಂತನ್ನು ಎಲ್ಲಿಂದ ನೋಡಿದರೂ ಅರ್ಥವಾಗಬೇಕಾದರೆ ಪ್ರತಿ ಕಂತೂ ಒಂದೇ ಹೊಸ್ತಿಲಿನಿಂದ ಹೊರಟು ಅದೇ ಹೊಸ್ತಿಲಿಗೆ ಬರಬೇಕು.

ನಮ್ಮ ದೇಶದಲ್ಲಿ ಇದರ ಜೊತೆಗೆ ಕಂತುಗಳ ಸಂಖ್ಯೆಯ ಭಾರವೂ ಸೇರಿಕೊಂಡಿದೆ. ಹತ್ತು ವರ್ಷ ನಡೆದ ಅಮೆರಿಕದ 'ಫ್ರೆಂಡ್ಸ್' 236 ಕಂತುಗಳಿಗೆ ಮುಗಿಯಿತು. 28 ಜುಲೈ 2008ರಂದು ಶುರುವಾದ ಹಿಂದಿಯ 'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ' 4000 ಕಂತು ದಾಟಿದೆ. ವಾರಕ್ಕೆ ಐದಾರು ದಿನ ಕಂತು ಕೊಡಬೇಕಾದ ತಂಡಕ್ಕೆ ಹೊಸ ದಾರಿ ಹುಡುಕುವ ಪುರಸೊತ್ತು ಎಲ್ಲಿಂದ ಬರಬೇಕು? ಇದಕ್ಕೆ ಎದುರಾಗಿ ಇಂಗ್ಲೆಂಡಿನ 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತುಗಳಲ್ಲಿ ನಿಂತುಹೋಯಿತು. ಅದರ ಹೋಟೆಲ್ ಮಾಲೀಕನ ಸುಳ್ಳು ಬಯಲಾಗುತ್ತದೆ ಎಂಬುದು ಪ್ರತಿ ಸಲವೂ ತಿಳಿದಿರುತ್ತದೆ, ಬಯಲಾಗುವ ರೀತಿ ಮಾತ್ರ ಪ್ರತಿ ಸಲವೂ ಹೊಸದು. ಆದ್ದರಿಂದ ಬಹಳ ಕಾಲ ನಡೆಯುವ ಧಾರಾವಾಹಿಯ ಲೇಖಕರನ್ನು ಹಳಿಯುವ ಮೊದಲು ಅವರಿಗೆ ಸಿಕ್ಕ ದಿನಗಳನ್ನು ಎಣಿಸುವುದು ನ್ಯಾಯ ಎಂದು ನಾನು ನಂಬುತ್ತೇನೆ. ನಿಮಗೆ ಆ ಒತ್ತಡ ಇಲ್ಲ. ತಿಂಗಳಿಗೆ ಎರಡು ಕಂತು ಮಾಡುವವರು ದಿನಕ್ಕೊಂದು ಮಾಡುವವರ ಹಾಗೆ ಬರೆಯುವುದೇ ನಷ್ಟ.

ಮನುಷ್ಯನ ಸ್ವಭಾವ ಮೊದಲೇ ತಿಳಿದಿರುವುದು ಬಂಡವಾಳ ಎಂದೆನಲ್ಲ, ಅದನ್ನು ನಂಬಲು ನಮ್ಮ ಸೀಮೆಯವರಿಗೆ ಪರದೇಶದ ಉದಾಹರಣೆ ಬೇಕಾಗಿಲ್ಲ. ಬಳ್ಳಾರಿ ಕಡೆಯ ತೊಗಲುಗೊಂಬೆ ಆಟದಲ್ಲಿ ರಾಮಾಯಣದ ಕಥೆ ಎಲ್ಲರಿಗೂ ಬಾಯಿಪಾಠ. ನಗಿಸುವ ಗೊಂಬೆ ಕಿಳ್ಳೇಕ್ಯಾತ ಬಂದರೆ ಏನು ಮಾಡುತ್ತಾನೆ, ಹೆಂಡತಿ ಬಂಗಾರಕ್ಕ ಅವನಿಗೆ ಹೇಗೆ ಉತ್ತರ ಕೊಡುತ್ತಾಳೆ ಎಂಬುದೂ ಮಕ್ಕಳಿಗೆ ಕೂಡ ತಿಳಿದಿರುತ್ತದೆ. ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ, ಪಾತ್ರಗಳನ್ನು ಮಾತಾಡಿಸುವ ಸಾರಥಿ ಅವನ ಹೆಸರು, ಊರು, ಕುಲ ಕೇಳುತ್ತಾನೆ. ಉತ್ತರ ಪ್ರೇಕ್ಷಕರಿಗೆ ಗೊತ್ತು, ಸಾರಥಿಗೂ ಗೊತ್ತು. ಜನ ಬೆಳಗಿನವರೆಗೆ ಕೂರುವುದು ಆ ಉತ್ತರಕ್ಕಾಗಿ ಅಲ್ಲ, ಇವತ್ತು ಸಾರಥಿ ಯಾವ ಮಾತಿನಿಂದ ಕೇಳುತ್ತಾನೆ, ಊರಿನ ಯಾವ ಸುದ್ದಿಯನ್ನು ಅದರೊಳಗೆ ತಂದು ಹೆಣೆಯುತ್ತಾನೆ ಎಂಬುದಕ್ಕಾಗಿ. ಈಟಿವಿ ಕನ್ನಡದ 'ಪಾಪ ಪಾಂಡು'ವಿನ ಪಾಂಡು ಹೆಂಡತಿಗೆ ಹೆದರದೆ ಇದ್ದಿದ್ದರೆ, 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠ್ಠಲ್ ರಾವ್ ಒಂದು ದಿನ ಗಂಭೀರನಾಗಿ ಕುಳಿತಿದ್ದರೆ ನಮಗೆ ಮೋಸವಾದ ಹಾಗೆ ಅನ್ನಿಸುತ್ತಿತ್ತು.

ದಾರಿಯನ್ನು ಬದಲಿಸುವುದು

ಈಗ ಬರೆಯುವ ಕೆಲಸ. ಮೊದಲು ಒನ್‌ಲೈನ್, ಅಂದರೆ ಕಂತಿನ ಕಥೆಯನ್ನು ಚುಟುಕಾಗಿ ಹೇಳುವ ಸಾಲು, ಬರೆಯುತ್ತೀರಲ್ಲ, ಅದರ ಕೆಳಗೆ ನಿಮ್ಮ ಮನಸ್ಸಿಗೆ ಮೊದಲು ಬಂದ ದಾರಿಯನ್ನು ಬರೆದು ಹೊಡೆದುಹಾಕಿ. ಎರಡನೆಯದಾಗಿ ಹೊಳೆದದ್ದನ್ನೂ ಹೊಡೆದುಹಾಕಿ. ನಿಮಗೆ ಸುಲಭವಾಗಿ ಹೊಳೆದದ್ದು ನೋಡುವವರಿಗೂ ಅಷ್ಟೇ ಸುಲಭವಾಗಿ ಹೊಳೆದಿರುತ್ತದೆ. ಮೂರನೆಯ ದಾರಿಗಾಗಿ ಕಥೆಯ ಹೊರಗಿನಿಂದ ಹೊಸದೊಂದನ್ನು ಎಳೆದು ತರಬೇಡಿ. ಅದೇ ಕಂತಿನ ಇನ್ನೊಂದು ಎಳೆಯಲ್ಲಿ ಈಗಾಗಲೇ ಕಂಡಿರುವ ವಸ್ತುವನ್ನೇ ಹುಡುಕಿ.

ಇದರ ಮಾದರಿಯಾಗಿ ನಾನು ಯಾವಾಗಲೂ ನೆನೆಯುವುದು 1994ರಲ್ಲಿ ಪ್ರಸಾರವಾದ ಅಮೆರಿಕದ 'ಸೈನ್‌ಫೆಲ್ಡ್' ಧಾರಾವಾಹಿಯ ಒಂದು ಕಂತನ್ನು. ಜಾರ್ಜ್ ಎಂಬಾತ ಹಳೆಯ ಗೆಳತಿಯ ಎದುರು ಕಡಲ ಜೀವಶಾಸ್ತ್ರಜ್ಞನೆಂದು ನಟಿಸಬೇಕಾಗುತ್ತದೆ. ಆ ಸುಳ್ಳು ಅವನ ಕೊರಳಿಗೆ ಬೀಳುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಇನ್ನೊಂದು ಎಳೆಯಲ್ಲಿ, ಅದಕ್ಕೆ ಸಂಬಂಧವೇ ಇಲ್ಲ ಎನ್ನಿಸುವಂತೆ, ಅವನ ಸ್ನೇಹಿತ ಕ್ರೇಮರ್ ಕಡಲ ದಡಕ್ಕೆ ಹೋಗಿ ಗಾಲ್ಫ್ ಚೆಂಡುಗಳನ್ನು ನೀರಿಗೆ ಹೊಡೆದು ಬರುತ್ತಾನೆ. ಆಮೇಲೆ ಗೆಳತಿಯ ಜೊತೆ ಜಾರ್ಜ್ ಕಡಲ ದಡದಲ್ಲಿ ನಡೆಯುವಾಗ ಅಲ್ಲಿ ಒಂದು ತಿಮಿಂಗಿಲ ಉಸಿರುಗಟ್ಟಿ ಬಿದ್ದಿರುತ್ತದೆ, ಜನ ಕಡಲ ಜೀವಶಾಸ್ತ್ರಜ್ಞನಿಗಾಗಿ ಕೂಗುತ್ತಾರೆ, ಅವನು ನೀರಿಗೆ ಇಳಿಯುತ್ತಾನೆ. ಕೊನೆಯ ದೃಶ್ಯದಲ್ಲಿ ಸ್ನೇಹಿತರ ಎದುರು ಕುಳಿತು ಆ ಸಾಹಸವನ್ನು ವರ್ಣಿಸುತ್ತ, ತಿಮಿಂಗಿಲದ ಉಸಿರಿನ ರಂಧ್ರದಿಂದ ತಾನು ಕಿತ್ತು ತೆಗೆದ ವಸ್ತುವನ್ನು ಜೇಬಿನಿಂದ ಹೊರತೆಗೆದು ತೋರಿಸುತ್ತಾನೆ: ಗಾಲ್ಫ್ ಚೆಂಡು. ನಾವು ಆ ಚೆಂಡನ್ನು ಮೊದಲೇ ನೋಡಿದ್ದೆವು. ಕಥೆ ನಮ್ಮಿಂದ ಏನನ್ನೂ ಬಚ್ಚಿಟ್ಟಿರಲಿಲ್ಲ, ಎರಡನ್ನು ಕೂಡಿಸಲು ನಮಗೆ ತೋಚಲಿಲ್ಲ, ಅಷ್ಟೇ. ಊಹೆಗೆ ಸಿಗದ ಕಥೆ ಎಂದರೆ ಕಣ್ಣೆದುರಿನಲ್ಲೇ ಇಟ್ಟಿದ್ದರೂ ಊಹೆಗೆ ಸಿಗದ ಕಥೆ.

ಇದನ್ನೇ ನಮ್ಮ ಓಣಿಯೊಳಗೆ ತಂದು ನೋಡೋಣ. ಸಂಗಣ್ಣ ಎಂಬೊಬ್ಬ ಮನುಷ್ಯ, "ನನಗೆ ಗೊತ್ತಿಲ್ಲ" ಎಂಬ ಮಾತು ಅವನ ಬಾಯಿಂದ ಎಂದೂ ಬರುವುದಿಲ್ಲ. ಮಗಳನ್ನು ನೋಡಲು ರಾಯಚೂರಿನಿಂದ ಬರುವವರು ಫೋನಿನಲ್ಲಿ ನಮ್ಮ ಕೊಪ್ಪಳ ಕಡೆಯ ಕಿನ್ನಾಳದ ಕಟ್ಟಿಗೆ ಗೊಂಬೆಗಳ ಮಾತೆತ್ತಿದಾಗ, "ಆ ವಿದ್ಯೆ ನಾನು ಸಣ್ಣಾವಿದ್ದಾಗಲೇ ಕಲ್ತೀನ್ರಿ" ಎಂದುಬಿಡುತ್ತಾನೆ. ಹಾಗಾದರೆ ನಮ್ಮ ಮನೆಯ ಮುಕ್ಕಾದ ಗೌರಿ ಗೊಂಬೆಯನ್ನು ಸರಿಮಾಡಿ ಕೊಡಿ ಎಂದು ಅವರು ಅದನ್ನು ಕಳಿಸುತ್ತಾರೆ. ಸುಳ್ಳು ಬಯಲಾಗಬೇಕು, ಅದರಲ್ಲಿ ಅನುಮಾನವಿಲ್ಲ. ಮೊದಲು ಹೊಳೆಯುವ ದಾರಿ: ಗುಟ್ಟಾಗಿ ಕಿನ್ನಾಳಕ್ಕೆ ಒಯ್ದು ಅಲ್ಲಿ ಬೀಗರ ಕಣ್ಣಿಗೆ ಬೀಳುವುದು. ಎರಡನೆಯದು: ಗೊಂಬೆ ಕೈಜಾರಿ ಪೂರ್ತಿ ಒಡೆಯುವುದು. ಎರಡನ್ನೂ ಹೊಡೆದುಹಾಕಿ.

ಕಂತಿನ ಮೊದಲ ದೃಶ್ಯದಲ್ಲಿ ಸಂಗಣ್ಣನ ತಾಯಿ ಅಳಗುಳಿಮಣೆ ಆಡುತ್ತಿರಲಿ, ಹುಣಸೆ ಬೀಜ ಎಣಿಸುತ್ತಿರಲಿ. ನೋಡುವವರಿಗೆ ಅದು ಮನೆಯ ವಾತಾವರಣದಂತೆ ಮಾತ್ರ ಕಾಣಬೇಕು. ಕಿನ್ನಾಳದ ಕುಶಲಕರ್ಮಿಗಳು ಹಗುರವಾದ ಕಟ್ಟಿಗೆಯ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ ಎಂಬುದು ಸಂಗಣ್ಣನ ಕಿವಿಗೆ ಎಲ್ಲೋ ಬಿದ್ದಿರುತ್ತದೆ. ತಾಯಿಯ ಬೀಜಗಳನ್ನು ಒಯ್ದು ಹಿತ್ತಲಲ್ಲಿ ಕುದಿಸಲು ಇಡುತ್ತಾನೆ. ಹುಡುಗನ ಕಡೆಯಿಂದ ಅಜ್ಜಿಯೊಬ್ಬಳು ಬಂದಿರುತ್ತಾಳೆ. ಹಿರಿಯರು ವರದಕ್ಷಿಣೆ, ಜಾತಕ ಎಂದು ಮಾತಾಡುವಾಗ ಬೇಸರವಾಗಿ ಸಂಗಣ್ಣನ ತಾಯಿಯ ಜೊತೆ ಅಳಗುಳಿಮಣೆಗೆ ಕೂರುತ್ತಾಳೆ. ಬೀಜ ಇಲ್ಲ. ಹುಡುಕಾಟ ನಡೆದಿರುವಾಗ ಹಿತ್ತಲಿನಿಂದ ಬಂದ ವಾಸನೆಗೆ ಅಜ್ಜಿಯ ಮುಖ ಅರಳುತ್ತದೆ, ಏಕೆಂದರೆ ಅವಳ ತವರು ಕಿನ್ನಾಳ, ಅಂಟು ಕುದಿಯುವ ಮನೆಯಲ್ಲೇ ಬೆಳೆದವಳು. ಅವಳು ಸಂಗಣ್ಣನ ಎದುರು ಕುಳಿತು ಅಕ್ಕರೆಯಿಂದ, "ತಮ್ಮಾ, ಬೀಜ ಹುರಿದು ಸಿಪ್ಪಿ ತಗದೇನಪಾ?" ಎಂದು ಕೇಳುತ್ತಾಳೆ. ಸಂಗಣ್ಣ ಆಗಲೂ "ಗೊತ್ತಿಲ್ಲ" ಎನ್ನುವುದಿಲ್ಲ. ಸಿಪ್ಪೆಯಲ್ಲೇ ಸತ್ವ ಇರುವುದು ಎಂದು ಅವಳಿಗೇ ಪಾಠ ಹೇಳಲು ಶುರುಮಾಡುತ್ತಾನೆ. ಮನುಷ್ಯ ಬದಲಾಗಲಿಲ್ಲ, ಮುಟ್ಟಬೇಕಾದ ಜಾಗ ಬದಲಾಗಲಿಲ್ಲ, ದಾರಿ ಮಾತ್ರ ಆಟದ ಮಣೆಯ ಮೇಲೆ ಹಾಯ್ದು ಬಂತು.

ಕಂತುಗಳು ಹೆಚ್ಚಾದಂತೆ ಕಾಯ್ದುಕೊಳ್ಳಬೇಕಾದ್ದು

ಬಹಳ ವರ್ಷ ನಡೆದ ಧಾರಾವಾಹಿಗೆ ತಗಲುವ ಮೊದಲ ರೋಗ, ಮನುಷ್ಯ ಸವೆದು ಒಂದೇ ಗುಣವಾಗಿ ಉಳಿಯುವುದು. 1989ರಿಂದ ನಡೆಯುತ್ತಿರುವ ಅಮೆರಿಕದ ಕಾರ್ಟೂನ್ ಧಾರಾವಾಹಿ 'ದಿ ಸಿಂಪ್ಸನ್ಸ್'ನ ಪಕ್ಕದ ಮನೆಯ ನೆಡ್ ಫ್ಲ್ಯಾಂಡರ್ಸ್ ಮೊದಲಿಗೆ ಮನೆಯ ಯಜಮಾನ ಹೋಮರನಿಗೆ ಹೊಟ್ಟೆಕಿಚ್ಚು ತರುವಷ್ಟು ಅನುಕೂಲವಂತ, ಸಜ್ಜನ, ದೈವಭಕ್ತ ನೆರೆಯವನಾಗಿದ್ದ. ವರ್ಷ ಕಳೆದಂತೆ ಭಕ್ತಿಯೊಂದೇ ಉಬ್ಬಿ ಉಳಿದದ್ದೆಲ್ಲ ಮಸುಕಾಯಿತು. ಈ ಕ್ಷಯಕ್ಕೆ ಅಭಿಮಾನಿಗಳು ಅವನ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ತಡೆಯಲು ಪ್ರತಿ ಪಾತ್ರಕ್ಕೂ ಒಂದು ಹಾಳೆ ಇಡಿ, ಐದು ಕಂತಿಗೊಮ್ಮೆಯಾದರೂ ಆ ಪಾತ್ರ ತನ್ನ ಮುಖ್ಯ ಗುಣವನ್ನು ಬಿಟ್ಟು ಬೇರೊಂದು ಕಾರಣಕ್ಕೆ ನಡೆದುಕೊಂಡಿದೆಯೇ ಎಂದು ಪರೀಕ್ಷಿಸಿ. ಸಂಗಣ್ಣ ಎಲ್ಲ ಬಲ್ಲವನಂತೆ ಮಾತಾಡುತ್ತಾನೆ, ಸರಿ; ಅವನು ತಾಯಿಗೆ ಕಾಲು ಒತ್ತುವವನೂ ಆಗಿರಬೇಕು, ದುಡ್ಡಿನ ವಿಷಯದಲ್ಲಿ ನಿಯತ್ತಿನವನೂ ಆಗಿರಬೇಕು.

ಇಬ್ಬರೇ ಯಾವಾಗಲೂ ಜೊತೆಯಾಗಿ ಬರುತ್ತಿದ್ದರೆ ಜೋಡಿಯನ್ನು ಒಡೆದು, ಎಂದೂ ಮಾತಾಡದ ಇಬ್ಬರನ್ನು ಒಂದು ಬಸ್ಸಿನಲ್ಲಿ ಕೂಡಿಸಿ. ಪ್ರೀತಿಯ ಟ್ರ್ಯಾಕ್ ಇದ್ದರೆ ಅದನ್ನು ಎಷ್ಟು ಎಳೆಯಬೇಕೆಂದು ಮೊದಲೇ ತೀರ್ಮಾನಿಸಿ. 'ಫ್ರೆಂಡ್ಸ್'ನ ರಾಸ್ ಮತ್ತು ರೇಚಲ್ ಹತ್ತು ವರ್ಷ ಕೂಡಿ ಅಗಲಿ ಕೊನೆಗೆ ಒಂದಾದರು, ಅಷ್ಟು ಕಾಲ ಕಾಯಿಸುವುದಕ್ಕೆ ಅಷ್ಟೇ ಬಲವಾದ ಉಳಿದ ನಾಲ್ವರು ಸ್ನೇಹಿತರು ಬೇಕಾಯಿತು.

ಬೇಸರ ಬಂದಿತೆಂದು ಏಕಾಏಕಿ ಅಚ್ಚರಿ ತುರುಕುವುದು ಎರಡನೆಯ ರೋಗ. 1977ರಲ್ಲಿ 'ಹ್ಯಾಪಿ ಡೇಸ್' ಧಾರಾವಾಹಿಯಲ್ಲಿ ಫಾಂಜಿ ಎಂಬ ಪಾತ್ರ ನೀರಿನ ಮೇಲೆ ಸ್ಕೀ ಮಾಡುತ್ತ ಶಾರ್ಕ್ ಮೀನಿನ ಮೇಲೆ ಹಾರಿತು. ಯಾರೂ ಊಹಿಸದ ದೃಶ್ಯ, ನಿಜ. ಆದರೆ ಆ ಮನುಷ್ಯನಿಗಾಗಲಿ ಆ ಮನೆಗಾಗಲಿ ಅದರಿಂದ ಏನೂ ಆಗಲಿಲ್ಲ. ಧಾರಾವಾಹಿ 1984ರವರೆಗೆ ನಡೆದರೂ, ದಾರಿ ತಪ್ಪಿದ ಕಥೆಗೆ ಇಂಗ್ಲಿಷಿನಲ್ಲಿ ಗಾದೆಯಾಗಿ ಉಳಿದದ್ದು ಆ ಜಿಗಿತ.

ಇದರ ಪಕ್ಕದಲ್ಲಿ 'ಮ್ಯಾಶ್' ಧಾರಾವಾಹಿಯ 1975ರ ಒಂದು ಕಂತನ್ನು ಇಟ್ಟು ನೋಡಿ. ಕೊರಿಯಾ ಯುದ್ಧಭೂಮಿಯ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಬಿಡುಗಡೆಯಾಗಿ ಊರಿಗೆ ಹೊರಡುತ್ತಾನೆ. ನಟ ಧಾರಾವಾಹಿ ಬಿಡುತ್ತಿದ್ದುದರಿಂದ ಬೀಳ್ಕೊಡುಗೆಯ ಕಂತು ಹೇಗಿರುತ್ತದೆಂದು ಎಲ್ಲರೂ ಊಹಿಸಬಹುದಿತ್ತು, ಕಂತು ಹಾಗೆಯೇ ನಡೆಯುತ್ತದೆ. ಕೊನೆಯ ನಿಮಿಷದಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿರುವವರ ಬಳಿಗೆ ಅಲ್ಲಿನ ಗುಮಾಸ್ತ ರೇಡಾರ್ ಬಂದು, ಹೆನ್ರಿ ಇದ್ದ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ ಎಂದು ಓದುತ್ತಾನೆ. ಬಹುತೇಕ ನಟರಿಗೆ ಆ ಕೊನೆಯ ಪುಟವನ್ನು ಚಿತ್ರೀಕರಣದ ಕೊನೆಯವರೆಗೂ ಕೊಟ್ಟಿರಲಿಲ್ಲ. ಯುದ್ಧದ ಕಥೆಯಲ್ಲಿ ಸಾವು ಹೊರಗಿನಿಂದ ತಂದ ವಸ್ತುವಲ್ಲ, ಪ್ರತಿ ಕಂತಿನಲ್ಲೂ ಕಣ್ಣೆದುರಿಗೇ ಇತ್ತು. ನಗುವಿನ ರೂಢಿ ಅದನ್ನು ಮರೆಸಿತ್ತು. ಆದರೆ ಇಂಥ ತಿರುವಿನ ಬಳಿಕ ಹೊಸ್ತಿಲಿಗೆ ಮರಳುವ ದಾರಿ ಇರುವುದಿಲ್ಲ. ಒಂದು ಧಾರಾವಾಹಿಯ ಆಯುಷ್ಯದಲ್ಲಿ ಒಮ್ಮೆ ಮಾಡಬಹುದು, ಅದೂ ಆ ನಷ್ಟವನ್ನು ಮುಂದಿನ ಕಂತುಗಳಲ್ಲಿ ಹೊರಲು ಸಿದ್ಧರಿದ್ದರೆ.

ಬರೆದದ್ದನ್ನು ಕ್ಯಾಮೆರಾದ ಎದುರಿಗೆ ಒಯ್ಯುವ ಮೊದಲು ಗಟ್ಟಿಯಾಗಿ ಓದಿ. ನಿಮ್ಮ ತಂಡದವರಿಗೆ ಓದಬೇಡಿ, ಅವರಿಗೆ ಕಥೆ ಗೊತ್ತು. ಧಾರಾವಾಹಿ ನೋಡಿ ಪಳಗಿದ ದೊಡ್ಡವ್ವನಿಗೋ ಅತ್ತಿಗೋ, ಅವರ ಕೈ ಕೆಲಸದಲ್ಲಿರುವಾಗಲೇ ಓದಿ. ಎದುರಿಗೆ ಕೂಡಿಸಿಕೊಂಡು ಓದಿದರೆ ಅಕ್ಕರೆಗೆ ನಕ್ಕುಬಿಡುತ್ತಾರೆ. "ಅಂವಾ ಹಂಗೇ ಅಂತಾನ ಬಿಡು" ಎಂದು ಅವರು ಪಾತ್ರದ ಮಾತನ್ನು ನಿಮಗಿಂತ ಮೊದಲು ಹೇಳಿದರೆ ಅದನ್ನು ಮುಟ್ಟಬೇಡಿ. ಮುಂದಿನ ಘಟನೆಯನ್ನು ನಿಮಗಿಂತ ಮೊದಲು ಹೇಳಿದರೆ ಆ ಪುಟವನ್ನು ಪಕ್ಕಕ್ಕಿಟ್ಟು ಮತ್ತೆ ಬರೆಯಿರಿ. ನಾನು ಸಂಗಣ್ಣನ ಕಥೆಯನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅವ್ವನಿಗೆ ಓದಿದೆ. ಗೌರಿ ಬಂದಾಗ, ಬೀಗರು ಬಂದಾಗ ಅವಳು ಎರಡು ಸಲ ಮುಂದಿನದನ್ನು ಹೇಳಿದಳು, ಒಂದು ಸರಿ, ಒಂದು ತಪ್ಪು. ಅಜ್ಜಿ ಅಳಗುಳಿಮಣೆಯ ಮುಂದೆ ಕೂತು ಬೀಜ ಕೇಳಿದ ಸಾಲಿಗೆ ಬಂದಾಗ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಾಳೆಯ ಅಂಚಿನಲ್ಲಿ ಅಲ್ಲೊಂದು ಗುರುತು ಹಾಕಿಕೊಂಡು ಮುಂದೆ ಓದಿದೆ.